ಸೋಲುವ ತಂಡವನ್ನು ಸಾಕುವುದು ಯಾರ ಹೊಣೆ?



ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ಒಂದು ಪ್ರಶ್ನೆಯನ್ನು ಕಳುಹಿಸಿದ್ದಾನೆ. ಅವನ ಮಗಳು ಓದುತ್ತಿರುವ ಸರ್ಕಾರಿ ವಿಶ್ವವಿದ್ಯಾಲಯದ ಫುಟ್ಬಾಲ್ ತಂಡ ವರ್ಷ ವರ್ಷವೂ ಸೋಲುತ್ತಿದೆಯಂತೆ, ಖರ್ಚು ಮಾತ್ರ ಏರುತ್ತಲೇ ಇದೆಯಂತೆ. "ಇಂಥ ತಂಡವನ್ನು ಸಾರ್ವಜನಿಕರ ಹಣದಿಂದ ಸಾಕಬೇಕೇ, ಸಾರ್? ಚರಿತ್ರೆ ಏನು ಹೇಳುತ್ತದೆ?" ಎಂಬುದು ಅವನ ಪ್ರಶ್ನೆ. ಚರಿತ್ರೆ ತೀರ್ಪು ಕೊಡುವುದಿಲ್ಲ, ಸಾಕ್ಷ್ಯ ಮಾತ್ರ ನುಡಿಯುತ್ತದೆ ಎಂದು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ಸಾಕ್ಷ್ಯಗಳನ್ನು ಒಂದೊಂದಾಗಿ ಇಲ್ಲಿ ಕರೆಯುತ್ತೇನೆ. ಪ್ರಶ್ನೆ ದೂರದ್ದೆನಿಸಿದರೂ ಅದು ನಮ್ಮ ಕುಶಾಲನಗರದ ಹೊಸ್ತಿಲಿಗೂ ಬಂದು ನಿಂತಿದೆ ಎಂಬುದು ಮುಂದೆ ತಿಳಿಯುತ್ತದೆ.

ಮೊದಲ ಸಾಕ್ಷ್ಯ ಅಮೆರಿಕದ್ದೇ. ಅಲ್ಲಿ ಫುಟ್ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಒಬ್ಬರನ್ನೊಬ್ಬರು ಕೆಡವುವ ಒರಟು ಆಟವದು. ಷಿಕಾಗೊ ವಿಶ್ವವಿದ್ಯಾಲಯ 1892ರಲ್ಲಿ ಬಾಗಿಲು ತೆರೆದಾಗಲೇ ಅಮೋಸ್ ಅಲೊಂಜೊ ಸ್ಟ್ಯಾಗ್ ಎಂಬ ತರಬೇತುದಾರರು ಅಲ್ಲಿಗೆ ಬಂದರು. ನಲವತ್ತು ವರ್ಷ ಅವರು ಕಟ್ಟಿದ ತಂಡ ದೇಶದ ಮುಂಚೂಣಿಯಲ್ಲಿತ್ತು. ಕಾಲೇಜು ಫುಟ್ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹೈಸ್ಮನ್ ಟ್ರೋಫಿಯನ್ನು 1935ರಲ್ಲಿ ಮೊತ್ತಮೊದಲು ಪಡೆದ ಜೇ ಬರ್ವಾಂಗರ್ ಕೂಡ ಈ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಆದರೆ 1939ರಲ್ಲಿ ಅದೇ ತಂಡ ಮಿಷಿಗನ್ ವಿರುದ್ಧ 85-0 ಅಂತರದಿಂದ ಸೋತಿತು. ಆ ವರ್ಷದ ಕೊನೆಯಲ್ಲಿ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಅವರು ತಂಡವನ್ನೇ ರದ್ದುಪಡಿಸಿದರು. ವಿಶ್ವವಿದ್ಯಾಲಯ ಇರುವುದು ವಿದ್ಯೆಗಾಗಿ, ಪ್ರೇಕ್ಷಕರ ಮನರಂಜನೆಗಾಗಿ ಅಲ್ಲ ಎಂಬುದು ಅವರ ನಿಲುವು. ಮೂರು ವರ್ಷಗಳ ನಂತರ, 1942ರ ಡಿಸೆಂಬರ್ 2ರಂದು, ಅದೇ ಸ್ಟ್ಯಾಗ್ ಮೈದಾನದ ಪ್ರೇಕ್ಷಕರ ಗ್ಯಾಲರಿಯ ಕೆಳಗೆ ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆಯನ್ನು ನಡೆಸಿದರು. ತಂಡವನ್ನು ಮುಚ್ಚಿದ್ದಕ್ಕೆ ವಿಶ್ವವಿದ್ಯಾಲಯದ ಕೀರ್ತಿಗೆ ಕುಂದು ಬರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ಆದರೂ 1969ರಲ್ಲಿ ಆಟ ಅಲ್ಲಿಗೆ ಮರಳಿತು. ಹಳೆಯ ಆಡಂಬರವಿಲ್ಲದೆ, ವಿದ್ಯಾರ್ಥಿಗಳ ಆಟವಾಗಿ ಮರಳಿತು ಎಂಬುದನ್ನು ಗಮನಿಸಬೇಕು.

ಎರಡನೆಯ ಸಾಕ್ಷ್ಯ ಇದಕ್ಕೆ ವಿರುದ್ಧವಾಗಿ ನುಡಿಯುತ್ತದೆ. ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಸರ್ಕಾರಿ ವಿಶ್ವವಿದ್ಯಾಲಯ 2014ರ ಡಿಸೆಂಬರ್‌ನಲ್ಲಿ ಖರ್ಚಿನ ಕಾರಣ ನೀಡಿ ಫುಟ್ಬಾಲ್ ತಂಡವನ್ನು ನಿಲ್ಲಿಸಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಹಳೆಯ ವಿದ್ಯಾರ್ಥಿಗಳೂ ನಗರದ ಜನರೂ ಹಣ ಕೂಡಿಸಿದರು. ಆರು ತಿಂಗಳೊಳಗೆ, 2015ರ ಜೂನ್‌ನಲ್ಲಿ, ನಿರ್ಧಾರ ಬದಲಾಯಿತು. 2017ರಲ್ಲಿ ತಂಡ ಮತ್ತೆ ಮೈದಾನಕ್ಕಿಳಿದು, ಮರುವರ್ಷ ತನ್ನ ವಲಯದ ಚಾಂಪಿಯನ್ ಪಟ್ಟವನ್ನೂ ಗೆದ್ದಿತು. ಸಾಯಲಿ ಎಂದು ಬಿಟ್ಟಿದ್ದ ತಂಡ ಊರವರು ಕೈಹಿಡಿದಾಗ ಎದ್ದು ನಿಂತಿತು.

ಷಿಕಾಗೊ ಖಾಸಗಿ ಸಂಸ್ಥೆ. ಅದರ ವಿದ್ಯಾರ್ಥಿಗೆ ಫುಟ್ಬಾಲ್ ಇಲ್ಲವಾದರೂ ಬದುಕಿನ ನೂರು ಬಾಗಿಲು ತೆರೆದಿರುತ್ತವೆ. ಸಾರ್ವಜನಿಕ ಸಂಸ್ಥೆಯ ಬಾಗಿಲಿಗೆ ಬರುವವರಲ್ಲಿ ಹಲವರಿಗೆ ಆಟವೇ ಒಂದು ಬಾಗಿಲು. ಈ ಮಾತು ನಮ್ಮ ನಾಡಿನ ಚರಿತ್ರೆಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಇಂದಿನ ಮಕ್ಕಳಿಗೆ ಕರ್ನಾಟಕವೆಂದರೆ ಕ್ರಿಕೆಟ್, ಕೊಡಗೆಂದರೆ ಹಾಕಿ. ಆದರೆ ಒಂದು ಕಾಲದಲ್ಲಿ ಮೈಸೂರು ಸಂಸ್ಥಾನದ ಕಾಲ್ಚೆಂಡು ಇಡೀ ದೇಶವನ್ನು ಬೆರಗುಗೊಳಿಸಿತ್ತು. ಬ್ರಿಟಿಷ್ ಸೈನಿಕರು ಬೀಡುಬಿಟ್ಟಿದ್ದ ಬೆಂಗಳೂರು ದಂಡು ಪ್ರದೇಶದ ಗಲ್ಲಿಗಳಲ್ಲಿ ಬಡ ತಮಿಳರ, ಮುಸಲ್ಮಾನರ, ಕ್ರೈಸ್ತರ ಮಕ್ಕಳು ಸೋಲ್ಜರುಗಳ ಆಟ ನೋಡಿ ನೋಡಿ ಬರಿಗಾಲಲ್ಲಿ ಚೆಂಡು ಒದೆಯಲು ಕಲಿತರು. ಬೊಂಬಾಯಿಯ ರೋವರ್ಸ್ ಕಪ್ ಪಂದ್ಯಾವಳಿ ಬಹುಕಾಲ ಬಿಳಿಯ ಸೇನಾ ತಂಡಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ರಾಷ್ಟ್ರೀಯ ಚಾಂಪಿಯನ್‌ಷಿಪ್ ಎನಿಸಿದ ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಬಾರಿ ಗೆದ್ದಿತು: 1946-47, 1952-53, 1967-68 ಮತ್ತು 1968-69. ನಾಲ್ಕೂ ಸಲ ಫೈನಲ್‌ನಲ್ಲಿ ಎದುರಾಳಿ ಬಂಗಾಳ!

ಸ್ವತಂತ್ರ ಭಾರತದ ಫುಟ್ಬಾಲ್ ತಂಡ 1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಫ್ರಾನ್ಸ್ ವಿರುದ್ಧ 1-2ರಿಂದ ಸೋತಿತು. ನಮ್ಮ ಕಡೆಯ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ 'ಪಂಚಪಾಂಡವ'ರಲ್ಲಿ ಒಬ್ಬರೆಂದು ಹೆಸರಾದರು. ಆ ತಂಡದ ನಾಯಕರ ವಿಷಯವನ್ನೂ ಹೇಳಬೇಕು. ನಾಗಾ ಬೆಟ್ಟಗಳ ತಾಲಿಮೆರೆನ್ ಆವೊ ಕಲ್ಕತ್ತೆಯಲ್ಲಿ ವೈದ್ಯಕೀಯ ಓದುತ್ತಲೇ ಮೋಹನ್ ಬಗಾನ್ ಪರ ಆಡಿದವರು. ಅನಂತರ ತಮ್ಮ ಜನರ ನಡುವೆಯೇ ವೈದ್ಯರಾಗಿ ಸೇವೆ ಸಲ್ಲಿಸಿದರು. ಓದು ಮತ್ತು ಆಟ ಸವತಿಯರಲ್ಲ ಎಂಬುದಕ್ಕೆ ಅವರ ಬದುಕೇ ನಿದರ್ಶನ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಬರಿಗಾಲಲ್ಲಿ ಆಡುತ್ತಿದ್ದ ಈ ಹುಡುಗರಿಗೆ ಅನ್ನ ಕೊಟ್ಟವರು ಯಾರು? ಕೆಲವರು ಕಲ್ಕತ್ತೆಯ ಕ್ಲಬ್ಬುಗಳಿಗೆ ವಲಸೆ ಹೋದರು. ಊರಲ್ಲೇ ಉಳಿದವರಿಗೆ ಆಸರೆಯಾದದ್ದು ಸಾರ್ವಜನಿಕ ಉದ್ದಿಮೆಗಳು. 1940ರಲ್ಲಿ ಆರಂಭವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ಆರಂಭವಾದ ದೂರವಾಣಿ ನಗರದ ಐ.ಟಿ.ಐ. ಮುಂತಾದ ಸಂಸ್ಥೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದವು. ಬೆಳಿಗ್ಗೆ ಕಾರ್ಖಾನೆಯ ಹಾಜರಿ, ಸಂಜೆ ಅಭ್ಯಾಸ, ತಿಂಗಳ ಕೊನೆಗೆ ಸಂಬಳ, ನಿವೃತ್ತಿಗೆ ಭವಿಷ್ಯನಿಧಿ. ಮೊಣಕಾಲು ಮುರಿದರೂ ಮನೆಯ ಒಲೆ ಆರುತ್ತಿರಲಿಲ್ಲ. ಮಗನಿಗೆ ಚೆಂಡಾಟ ಬೇಡವೆನ್ನುವ ಬಡ ತಾಯಿಯ ಬಾಯಿ ಮುಚ್ಚಿಸುವ ಶಕ್ತಿ ಆ ಸಂಬಳದ ಚೀಟಿಗಿತ್ತು.

1991ರ ಆರ್ಥಿಕ ಸುಧಾರಣೆಗಳ ನಂತರ ಗಾಳಿ ತಿರುಗಿತು. ದೂರಸಂಪರ್ಕ ಮಾರುಕಟ್ಟೆ ಮುಕ್ತವಾದಂತೆ ಐ.ಟಿ.ಐ. ನಷ್ಟದ ಹಾದಿ ಹಿಡಿಯಿತು. ಸಂಸ್ಥೆಯೇ ಉಸಿರುಗಟ್ಟುತ್ತಿರುವಾಗ ತಂಡದ ಮಾತು ಕೇಳುವವರಾರು? ಎಚ್.ಎ.ಎಲ್. ತಂಡ ಹೆಚ್ಚು ಕಾಲ ಹೋರಾಡಿತು. ನೌಕರ ಆಟಗಾರರನ್ನೇ ಬಹುವಾಗಿ ನೆಚ್ಚಿದ್ದ ಅದು 2010-11ರ ಸಾಲಿಗೆ ದೇಶದ ಉನ್ನತ ಸ್ಪರ್ಧೆಯಾಗಿದ್ದ ಐ-ಲೀಗ್‌ಗೆ ಬಡ್ತಿ ಪಡೆಯಿತು. ಎದುರಿಗಿದ್ದವು ವಿದೇಶಿ ಆಟಗಾರರನ್ನು ಕೋಟಿಗಟ್ಟಲೆ ಸುರಿದು ತಂದ ತಂಡಗಳು. 2011-12ರಲ್ಲಿ ಎಚ್.ಎ.ಎಲ್. ಕೊನೆಯ ಸ್ಥಾನಕ್ಕಿಳಿದು ಲೀಗಿನಿಂದ ಹೊರಬಿತ್ತು. ಸಾರ್ವಜನಿಕ ಸಂಸ್ಥೆಗಳದ್ದೇ ಈ ಪಾಡು ಎನ್ನುವಂತಿಲ್ಲ. ಖಾಸಗಿಯವರಾದ ಮಹೀಂದ್ರ ತಂಡ 2010ರಲ್ಲಿ, ಪಂಜಾಬಿನ ಜೆ.ಸಿ.ಟಿ. 2011ರಲ್ಲಿ ಕಣ್ಮುಚ್ಚಿದವು. 2013ರಲ್ಲಿ ಖಾಸಗಿ ಬಂಡವಾಳದಿಂದ ಹುಟ್ಟಿದ ಬೆಂಗಳೂರು ಎಫ್.ಸಿ. ಮೊದಲ ಸಾಲಿನಲ್ಲೇ ಐ-ಲೀಗ್ ಗೆದ್ದಿತು. ಅದು ಹೆಮ್ಮೆಯ ವಿಷಯವೇ. ಆದರೆ ಅಂಥ ಕ್ಲಬ್ಬು ಸಿದ್ಧವಾದ ಆಟಗಾರನನ್ನು ದೇಶದ ಎಲ್ಲಿಂದಲಾದರೂ ತರಬಹುದು, ಒಪ್ಪಂದ ಮುಗಿದೊಡನೆ ಬೀಳ್ಕೊಡಬಹುದು. ಸಂಜೆಯ ಅಭ್ಯಾಸದ ನಂತರ ಮೂವತ್ತು ವರ್ಷದ ನೌಕರಿ ಕೊಡುವುದು ಅದರ ಕೆಲಸವಲ್ಲ.

ಮೈಸೂರು ಕೊನೆಯದಾಗಿ ಗೆದ್ದ 1968-69ರ ನಂತರ ಸಂತೋಷ್ ಟ್ರೋಫಿ ನಮ್ಮ ರಾಜ್ಯಕ್ಕೆ ಮರಳಲು 54 ವರ್ಷ ಬೇಕಾಯಿತು. 2023ರ ಮಾರ್ಚ್ 4ರಂದು ದೂರದ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿತು. ಅರ್ಧ ಶತಮಾನ ಸೋತ ತಂಡವೆಂದು ನಡುವೆ ಯಾರಾದರೂ ಅದನ್ನು ಮುಚ್ಚಿದ್ದರೆ ಆ ದಿನವೇ ಬರುತ್ತಿರಲಿಲ್ಲ. ಸೋಲಿನ ಲೆಕ್ಕವನ್ನು ಎಷ್ಟು ವರ್ಷಕ್ಕೆ ಕೂಡಬೇಕು ಎಂಬ ಪ್ರಶ್ನೆ ಇಲ್ಲಿ ಹುಟ್ಟುತ್ತದೆ. ವಾರ್ಷಿಕ ಆಯವ್ಯಯ ಬರೆಯುವವರಿಗೆ ಒಂದೇ ವರ್ಷ ಕಣ್ಣಿಗೆ ಬೀಳುತ್ತದೆ.

ಇನ್ನು ನಮ್ಮ ಕೊಡಗಿನ ಕಥೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಮೊದಲ ವರ್ಷ 60 ಕುಟುಂಬಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ಆ ಸಂಖ್ಯೆ 360ಕ್ಕೆ ಏರಿ ಗಿನ್ನೆಸ್ ದಾಖಲೆಯಾಯಿತು. ಒಂದು ಸಮಾಜ ತನ್ನ ಆಟವನ್ನು ತಾನೇ ಸಾಕಿಕೊಂಡ ಅಪೂರ್ವ ನಿದರ್ಶನವಿದು. ಕಾಲ್ಚೆಂಡಿಗೆ ಅಂಥ ಭಾಗ್ಯವಿಲ್ಲ. ನಮ್ಮ ಜಿಲ್ಲೆಯಲ್ಲಿ ಅದು ಹೆಚ್ಚಾಗಿ ಸುಂಟಿಕೊಪ್ಪ, ಸಿದ್ದಾಪುರ, ಕುಶಾಲನಗರದಂಥ ಪೇಟೆಗಳ ಮತ್ತು ಕಾಫಿ ತೋಟಗಳ ಲೈನ್‌ಮನೆಗಳ ಮಕ್ಕಳ ಆಟ. ಸುಂಟಿಕೊಪ್ಪದ ಡಿ. ಶಿವಪ್ಪ ಸ್ಮಾರಕ ಪಂದ್ಯಾವಳಿಗೆ ಸೇರುವ ಜನಸ್ತೋಮವನ್ನು ನೋಡಿದವರಿಗೆ ಈ ಆಟದ ಮೇಲಿನ ಪ್ರೀತಿ ತಿಳಿದಿದೆ. ಪ್ರೀತಿ ಉಂಟು, ಆದರೆ ಬೆನ್ನಿಗೆ ಐನ್‌ಮನೆಯಾಗಲಿ ಆಸ್ತಿಯಾಗಲಿ ಇಲ್ಲ. ಇಂಥ ಮಕ್ಕಳಿಗೆ ಸರ್ಕಾರಿ ಶಾಲೆ, ಸರ್ಕಾರಿ ಕಾಲೇಜು, ಸಮೀಪದ ಕೂಡಿಗೆಯ ಸರ್ಕಾರಿ ಕ್ರೀಡಾಶಾಲೆಯಂಥ ಸಂಸ್ಥೆಗಳೇ ಗತಿ.

ಸಾರ್ವಜನಿಕ ಸಂಸ್ಥೆ ಕೈಹಿಡಿದರೆ ಏನಾಗಬಹುದು ಎಂಬುದಕ್ಕೆ ನಮ್ಮವರೇ ಆದ ಎಂ.ಪಿ. ಗಣೇಶ್ ಸಾಕ್ಷಿ. ಹದಿಹರೆಯದಲ್ಲಿ ಅವರು ಕೊಡಗು ಜಿಲ್ಲಾ ಫುಟ್ಬಾಲ್ ತಂಡದ ಆಟಗಾರ. ಸೇನೆಗೆ ಸೇರಿದ ಮೇಲೆ ಅಲ್ಲಿನ ವಾತಾವರಣದಲ್ಲಿ ಹಾಕಿಯತ್ತ ಹೊರಳಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದ ಅವರು 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕರಾದರು. ಜಿಲ್ಲೆಯ ಆ ಪುಟ್ಟ ಫುಟ್ಬಾಲ್ ತಂಡ ಎಷ್ಟು ಪಂದ್ಯ ಗೆದ್ದಿತೆಂದು ಇಂದು ಯಾರೂ ಕೇಳುವುದಿಲ್ಲ. ಅದು ಒಬ್ಬ ಹುಡುಗನಿಗೆ ಓಡಲು, ಸೋಲಲು, ಸಂಗಡಿಗರೊಂದಿಗೆ ಹೊಂದಿಕೊಳ್ಳಲು ಕಲಿಸಿತು. ಅಷ್ಟು ಸಾಲದೇ?

ನಾನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಶಾಲೆ ಬಿಡಲು ಹೊರಟಿದ್ದ ಎಷ್ಟೋ ಹುಡುಗರನ್ನು ತಡೆದು ನಿಲ್ಲಿಸಿದ್ದು ನನ್ನ ಸಮಾಜ ಪಾಠವಲ್ಲ, ಸಂಜೆಯ ಆಟದ ಅವಧಿ. ಮಳೆಗಾಲದ ಕೆಸರಿನಲ್ಲಿ ಆಡಿ, ಮೈಯೆಲ್ಲ ಕೆಂಪಾಗಿ ಮನೆಗೆ ಹೋಗುತ್ತಿದ್ದವರು ಮರುದಿನ ತರಗತಿಯಲ್ಲಿ ಹಾಜರ್! ಚೆಂಡಿನ ಆಸೆಗೆ ಬಂದವರ ಕಿವಿಗೆ ಅಶೋಕನೂ ಅಕ್ಬರನೂ ಸ್ವಲ್ಪ ಬಿದ್ದರು.

ಈಗ ಹೊಸ್ತಿಲ ಪ್ರಶ್ನೆಗೆ ಬರೋಣ. ಕೊಡಗಿನ ಕಾಲೇಜುಗಳು ಬಹುಕಾಲ ಮಂಗಳೂರು ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. ನಮ್ಮ ಹುಡುಗ ವಿಶ್ವವಿದ್ಯಾಲಯದ ತಂಡ ಸೇರಬೇಕಾದರೆ ದಕ್ಷಿಣ ಕನ್ನಡ, ಉಡುಪಿಗಳ ನೂರಾರು ಆಟಗಾರರನ್ನು ಮೀರಬೇಕಿತ್ತು. 2023ರಲ್ಲಿ ನಮ್ಮದೇ ತಾಲ್ಲೂಕಿನ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಹುಟ್ಟಿತು. ಎರಡೇ ವರ್ಷಕ್ಕೆ, 2025ರ ಫೆಬ್ರವರಿಯಲ್ಲಿ, ಹಣದ ಕೊರತೆಯ ಕಾರಣಕ್ಕೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪ್ರಸ್ತಾಪ ಸಂಪುಟ ಉಪಸಮಿತಿಯಿಂದ ಬಂತು, ಕೊಡಗಿನ ಹೆಸರೂ ಆ ಪಟ್ಟಿಯಲ್ಲಿತ್ತು. ಜಿಲ್ಲೆಯ ಜನ ವಿರೋಧಿಸಿದರು. ವಿಶ್ವವಿದ್ಯಾಲಯದ ಅಸ್ತಿತ್ವವನ್ನೇ ತಕ್ಕಡಿಗೆ ಹಾಕುವ ಕಾಲದಲ್ಲಿ ಅದರ ಆಟದ ಮೈದಾನ ಎಷ್ಟು ತೂಗೀತು? ಬೆರಳೆಣಿಕೆಯ ಕಾಲೇಜುಗಳ ಪುಟ್ಟ ವಿಶ್ವವಿದ್ಯಾಲಯ ಕಾಲ್ಚೆಂಡಿನ ತಂಡ ಕಟ್ಟಿ, ಸರ್ ಆಶುತೋಷ್ ಮುಖರ್ಜಿ ಅವರ ಹೆಸರಿನ ಅಂತರ ವಿಶ್ವವಿದ್ಯಾಲಯ ಟ್ರೋಫಿಯ ಆಸೆಯಿಂದ ದಕ್ಷಿಣ ವಲಯದ ಪಂದ್ಯಗಳಿಗೆ ಹೋದರೆ, ಕೇರಳದ ಬಲಾಢ್ಯ ತಂಡಗಳೆದುರು ಮೊದಲ ವರ್ಷಗಳಲ್ಲಿ ಸೋಲುವುದು ಬಹುತೇಕ ಖಚಿತ.

ಆದರೂ ಆ ತಂಡ ಇರಬೇಕೆಂದು ನಾನು ವಾದಿಸುತ್ತೇನೆ, ಕೆಲವು ಷರತ್ತುಗಳೊಂದಿಗೆ. ಮೊದಲನೆಯದಾಗಿ, ಖರ್ಚು ಮಿತಿಯಲ್ಲಿರಬೇಕು. ನಮ್ಮಲ್ಲಿ ಒಂದು ತಂಡಕ್ಕೆ ಬೇಕಾದದ್ದು ಸಮತಟ್ಟಾದ ಮೈದಾನ, ಒಬ್ಬ ನಿಷ್ಠಾವಂತ ತರಬೇತುದಾರ, ಬೂಟು, ಬನಿಯನ್, ರೈಲಿನ ಟಿಕೆಟ್ಟು, ಹೊಟ್ಟೆ ತುಂಬ ಊಟ. ಅಮೆರಿಕದ ಕೋಟಿಗಳ ಲೆಕ್ಕ ಇಲ್ಲಿಲ್ಲ. ಎರಡನೆಯದಾಗಿ, ಗ್ರಂಥಾಲಯ, ಪ್ರಯೋಗಾಲಯಗಳ ಹಣವನ್ನು ಆಟಕ್ಕೆ ತಿರುಗಿಸಕೂಡದು. ಈ ಅಂಶದಲ್ಲಿ ಹಚಿನ್ಸ್ ಅವರ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಮೂರನೆಯದಾಗಿ, ಹುಡುಗಿಯರಿಗೂ ಅದೇ ಮೈದಾನ, ಅದೇ ತರಬೇತಿ ಸಿಗಬೇಕು. ನಾಲ್ಕನೆಯದಾಗಿ, ಸೋಲಿಗೆ ಕಾರಣ ಹುಡುಗರ ಅಶಕ್ತಿಯೋ ಆಡಳಿತದ ಅಲಕ್ಷ್ಯವೋ ಎಂದು ಮೊದಲು ಪರೀಕ್ಷಿಸಬೇಕು. ನೀರು ಹಾಕದೆ ಗಿಡ ಒಣಗಿತೆಂದು ಕಿತ್ತೆಸೆಯುವುದು ನ್ಯಾಯವಲ್ಲ. ಇಷ್ಟೆಲ್ಲ ಆದ ಮೇಲೂ ಆಡಲು ಹನ್ನೊಂದು ವಿದ್ಯಾರ್ಥಿಗಳೇ ಮುಂದೆ ಬರದಿದ್ದರೆ ತಂಡವನ್ನು ನಿಲ್ಲಿಸಲಿ, ತಕರಾರಿಲ್ಲ.

ಸಾರ್ವಜನಿಕ ಸಂಸ್ಥೆಯ ಲಾಭ ನಷ್ಟವನ್ನು ಟ್ರೋಫಿಯ ಕಪಾಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಎಚ್.ಎ.ಎಲ್., ಐ.ಟಿ.ಐ. ತಂಡಗಳಿಂದ ನಿವೃತ್ತರಾದ ನೌಕರರ ಮನೆಗಳಲ್ಲಿ, ಓದು ಮುಗಿಸಿದ ಅವರ ಮಕ್ಕಳಲ್ಲಿ ಹುಡುಕಬೇಕು.

ನಿಮ್ಮಲ್ಲಿ ಹಲವರು ನಮ್ಮ ಜಿಲ್ಲೆಯ ಮೈದಾನಗಳಲ್ಲಿ ಆಡಿದವರು, ಕೆಲವರು ಆಟದ ಬಲದಿಂದಲೇ ಸೇನೆ, ಪೊಲೀಸ್, ರೈಲ್ವೆಗಳಿಗೆ ಸೇರಿದವರು. ನಿಮ್ಮ ಕಾಲೇಜು ತಂಡದ ಅನುಭವವನ್ನು, ವಿಶೇಷವಾಗಿ ಸೋತ ಪಂದ್ಯಗಳ ಅನುಭವವನ್ನು, ಬರೆದು ಕಳುಹಿಸಿದರೆ ಮುಂದೊಂದು ದಿನ ಅವುಗಳನ್ನೆಲ್ಲ ಸೇರಿಸಿ ಬರೆಯುವ ಆಸೆಯಿದೆ. ನನ್ನ ಅಭಿಪ್ರಾಯವನ್ನು ಒಪ್ಪದವರೂ ಸಂಕೋಚವಿಲ್ಲದೆ ಬರೆಯಿರಿ. ಈಗ ಯಾರೂ ಬೆಂಚಿನ ಮೇಲೆ ನಿಲ್ಲಬೇಕಾಗಿಲ್ಲ!