ಹನ್ನೆರಡು ಸಾವಿರದ ಹಲಸಿ, ಎಪ್ಪತ್ತರ ಬೆಳಗಾವಿ

ನೀರಿನ ಊರುಗಳೆಂದರೆ ಯುರೋಪಿನವರಿಗೆ ಬಲು ಅಕ್ಕರೆ. ಇಂಗ್ಲಂಡದ ಬಾಥ್ ಪಟ್ಟಣದಲ್ಲಿ ರೋಮನರು ಕಟ್ಟಿದ ಸ್ನಾನದ ಮನೆಯನ್ನು ಇಂದಿಗೂ ಕಾಯ್ದಿಟ್ಟಿದ್ದಾರೆ. ಜರ್ಮನಿಯ ಲಾನ್ ನದಿಯ ಕಣಿವೆಯಲ್ಲಿರುವ ಬಾಡ್ ಎಮ್ಸ್ ಎಂಬ ಊರಿಗೆ ದೊರೆಗಳೂ ಲೇಖಕರೂ ಬರಿಯ ನೀರು ಕುಡಿಯುವ ಸಲುವಾಗಿ ಹೋಗಿ ತಿಂಗಳುಗಟ್ಟಲೆ ಕೂಡುತ್ತಿದ್ದರು. ಇಂಥ ಹನ್ನೊಂದು ಊರುಗಳನ್ನು ಯುನೆಸ್ಕೋ ಸಂಸ್ಥೆಯು 2021ರಲ್ಲಿ ಜಗತ್ತಿನ ಸೊತ್ತೆಂದು ತನ್ನ ಪಟ್ಟಿಯಲ್ಲಿ ಸೇರಿಸಿತು. ನಮ್ಮಲ್ಲಿ ಇದಕ್ಕೆಲ್ಲ ಒಂದೇ ಹೆಸರು, ತೀರ್ಥ. ಅಲ್ಲಿ ವೈದ್ಯನು ಹೇಳಿ ಕಳಿಸುತ್ತಾನೆ, ಇಲ್ಲಿ ಮನೆಯ ಹಿರಿಯರು ಹೇಳಿ ಕಳಿಸುತ್ತಾರೆ. ಗುಣವಾಗಿ ಬಂದವರು ಎರಡೂ ಕಡೆಗೆ ನೀರನ್ನೇ ಹೊಗಳುತ್ತಾರೆ.

ಮಲಪ್ರಭೆಯ ಮೇಲಣ ಕಣಿವೆಯಲ್ಲಿ ಬಿಸಿನೀರಿನ ಬುಗ್ಗೆಗಳಿಲ್ಲ. ಆದರೆ ಕುಂಡ, ಬಾವಿ, ಮಡುಗಳಿಗೆ ಕೊರತೆಯಿಲ್ಲ, ಅವುಗಳ ಮಗ್ಗುಲಲ್ಲಿ ಸಾವಿರ ವರ್ಷದ, ಒಂದೂವರೆ ಸಾವಿರ ವರ್ಷದ ಊರುಗಳಿವೆ. ಕಳೆದ ಮಾಗಿಯಲ್ಲಿ ನಾಲ್ಕು ದಿವಸ ನಾನು ಅಲ್ಲಿ ತಿರುಗಾಡಿದೆ. ಹೋಗಲಿಕ್ಕೆ ಕಾರಣವಾದದ್ದು ಹಳೆಯ ಶಾಸನಗಳೊಳಗಿನ ಎರಡು ಅಂಕಿಗಳು. ಹಿಂದಿನ ಕಾಲದಲ್ಲಿ ನಾಡುಗಳ ಹೆಸರಿನ ಮುಂದೆ ಒಂದು ಸಂಖ್ಯೆಯನ್ನು ಬರೆಯುತ್ತಿದ್ದರು. ಈಗ ಖಾನಾಪುರ ತಾಲೂಕಿನ ಒಂದು ಹಳ್ಳಿಯಾಗಿರುವ ಹಲಸಿಯ ಹೆಸರಿನಲ್ಲಿ ‘ಹಲಸಿಗೆ ಹನ್ನೆರಡು ಸಾವಿರ’ ಎಂಬ ನಾಡಿತ್ತು. ಈಗ ಮಹಾನಗರವಾಗಿರುವ ಬೆಳಗಾವಿಯ ಹೆಸರಿನಲ್ಲಿ ಇದ್ದದ್ದು ‘ವೇಣುಗ್ರಾಮ ಎಪ್ಪತ್ತು’. ಈ ಸಂಖ್ಯೆಗಳು ಹಳ್ಳಿಗಳ ಎಣಿಕೆಯೋ ಹುಟ್ಟುವಳಿಯ ಎಣಿಕೆಯೋ ಎಂದು ವಿದ್ವಾಂಸರು ವಾದಿಸುತ್ತಾರೆ. ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬುದರಲ್ಲಿ ವಾದವಿಲ್ಲ. ಹನ್ನೆರಡು ಸಾವಿರವು ಹಳ್ಳಿಯಾದದ್ದು ಹ್ಯಾಗೆ, ಎಪ್ಪತ್ತು ಶಹರವಾದದ್ದು ಹ್ಯಾಗೆ?

ಶಹರದಿಂದಲೇ ತೊಡಗೋಣ. ಬೆಳಗಾವಿಗೆ ಹೊಳೆಯಿಲ್ಲ. ಹತ್ತಿರದ ಮಾರ್ಕಂಡೇಯವು ಘಟಪ್ರಭೆಯ ಕಡೆಗೆ ಹರಿದುಹೋಗುವ ನದಿ. ಊರು ಬದುಕಿದ್ದು ಬಾವಿಗಳ ಮೇಲೆ. 1924ರ ಡಿಸೆಂಬರದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ಕೂಡಿತು. ಅಧ್ಯಕ್ಷರಾಗಿ ಅವರು ನಡೆಸಿದ ಅಧಿವೇಶನ ಇದೊಂದೇ. ಬರುವ ಸಾವಿರಾರು ಜನಕ್ಕೆ ನೀರು ಎಲ್ಲಿಂದ ತರಬೇಕೆಂಬುದೇ ಗಂಗಾಧರರಾವ ದೇಶಪಾಂಡೆಯವರ ಮುಂದೆ ನಿಂತ ದೊಡ್ಡ ಪ್ರಶ್ನೆ. ಟಿಳಕವಾಡಿಯಲ್ಲಿ ಒಂದು ಬಾವಿಯನ್ನೇ ತೋಡಿಸಿದರು. ಅಧಿವೇಶನದ ನೆಲೆಗೆ ವಿಜಯನಗರ ಎಂದು ಹೆಸರಿಟ್ಟವರು ಈ ಬಾವಿಯನ್ನು ಪಂಪಾ ಸರೋವರ ಎಂದು ಕರೆದರು. ಜನರ ಬಾಯಲ್ಲಿ ಅದು ಕಾಂಗ್ರೆಸ್ ಬಾವಿಯೇ ಆಗಿ ಉಳಿಯಿತು. ನೂರು ವರ್ಷ ದಾಟಿದರೂ ಅದು ಬತ್ತಿ ಹಾಳುಬಿದ್ದಿಲ್ಲ.

ಕೋಟೆಯೊಳಗಿನ ಕಮಲ ಬಸದಿಯನ್ನು ಊರಿನವರೆಲ್ಲ ನೋಡಿರುತ್ತಾರೆ. ಮಂಟಪದ ನೆತ್ತಿಯಿಂದ ಕಲ್ಲಿನ ಕಮಲವು ತಲೆಕೆಳಗಾಗಿ ತೂಗುತ್ತದೆ, ಅದರಿಂದಲೇ ಈ ಹೆಸರು. ರಟ್ಟರ ಅರಸು ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣನು ಇದನ್ನು ಕಟ್ಟಿಸಿದನು. ಇಲ್ಲಿಯ 1204ರ ಎರಡು ಶಾಸನಗಳನ್ನು ನೋಡಬೇಕೆಂದರೆ ಮಾತ್ರ ಲಂಡನ್ನಿಗೆ ಹೋಗಬೇಕು. ಕಲ್ಲುಗಳು ಬ್ರಿಟಿಷ್ ಮ್ಯೂಝಿಯಮ್ ಸೇರಿದವು, ಬಾರ್ನೆಟ್ ಎಂಬ ವಿದ್ವಾಂಸನು ಅವನ್ನು ಅಲ್ಲಿಯೇ ಓದಿ ಅಚ್ಚು ಮಾಡಿಸಿದನು. ಕನ್ನಡದ ಕಲ್ಲು ಕಡಲು ದಾಟಿ ಹೋಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ. ಓದಿದವನೂ ಆ ಊರಿನವನೇ ಎಂಬುದನ್ನು ನೆನೆದರೆ ಉರಿ ಅರ್ಧಕ್ಕೆ ಇಳಿಯುತ್ತದೆ.

ನನ್ನ ಪ್ರಶ್ನೆಗೆ ಉತ್ತರದ ಒಂದು ತುದಿ ಈ ಕಲ್ಲುಗಳಲ್ಲಿದೆ. ರಟ್ಟ ಜಿನಾಲಯಕ್ಕೆ ಅರಸನು ಭೂಮಿ ಕೊಟ್ಟದ್ದು ಸರಿಯೇ. ಅದರ ಸಂಗಡ ಪೇಟೆಯ ವರ್ತಕರೂ ಕೂಡಿ ತಮ್ಮ ವ್ಯಾಪಾರದ ಮೇಲೆ ಇಷ್ಟಿಷ್ಟು ಸುಂಕವನ್ನು ದೇವರಿಗೆ ಬಿಟ್ಟಿದ್ದಾರೆ. ಊರಿನ ವರ್ತಕರ ಜತೆಗೆ ಲಾಳದವರು, ಎಂದರೆ ಗುಜರಾತದ ಕಡೆಯವರೂ, ಮಲೆಯಾಳದವರೂ ಅದರಲ್ಲಿದ್ದಾರೆ. ಎಂಟು ನೂರು ವರ್ಷಗಳ ಹಿಂದೆಯೇ ಇದು ಪರಸ್ಥಳದ ವ್ಯಾಪಾರಿಗಳು ಬಂದು ನೆಲಸಿದ ಪೇಟೆಯಾಗಿತ್ತು. ಮುಂದೆ ರಟ್ಟರು ಸವದತ್ತಿಯನ್ನು ಬಿಟ್ಟು ತಮ್ಮ ರಾಜಧಾನಿಯನ್ನೇ ಇಲ್ಲಿಗೆ ತಂದರು. ಅವರ ನಂತರ ಆಳಿದವರು ಹಲವರು. 1818ರಲ್ಲಿ ಮನ್ರೋ ಸಾಹೇಬನು ಮುತ್ತಿಗೆ ಹಾಕಿ ಕೋಟೆಯನ್ನು ಹಿಡಿದನು. ಒಡೆಯರು ಬದಲಾದರು, ಪೇಟೆ ನಿಲ್ಲಲಿಲ್ಲ.

ಉತ್ತರದ ಇನ್ನೊಂದು ತುದಿಗೆ ಹಲಸಿಗೆ ಹೋಗಬೇಕು. ನಾನು ಮೊದಲು ನದಿಯ ಹುಟ್ಟನ್ನು ನೋಡಿ, ಅಲ್ಲಿಂದ ಹರಿವಿನ ಜತೆಗೆ ಇಳಿಯಬೇಕೆಂದು ಗೋವೆಯ ದಾರಿ ಹಿಡಿದೆ. ಬೆಳಗಾವಿಯಿಂದ ಜಾಂಬೋಟಿ, ಅದನ್ನು ದಾಟಿ ಚೋರ್ಲಾ ಘಟ್ಟದ ಅಂಚಿಗೆ ಕಣಕುಂಬಿ. ಮಳೆಗಾಲದಲ್ಲಿ ಇಲ್ಲಿ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುವದು ಹೊಸತಲ್ಲ. ಮಾವುಲಿ ದೇವಿಯ ಗುಡಿಯ ಹತ್ತಿರ ಕುಂಡವಿದೆ. ಮಲಪ್ರಭೆ ಇಲ್ಲಿಯೇ ಹುಟ್ಟಿದಳೆಂದು ನಂಬಿಗೆ. ಮುನ್ನೂರು ಕಿಲೋಮೀಟರು ಹರಿದು, ಪಟ್ಟದಕಲ್ಲು ಐಹೊಳೆಗಳನ್ನು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ನದಿಯ ಮೊದಲ ನೀರು ಅಂಗೈಯಗಲದ ತಿಳಿಯಾಗಿ ಕಾಣುವದು ಒಂದು ಸೋಜಿಗವೇ. ಕುಂಡದ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕುಳಿತಿದ್ದಳು. ಮನೆಯ ಮಾತು ಮರಾಠಿ, ನನಗಾಗಿ ಕನ್ನಡವಾಡಿದಳು.

“ಎಲ್ಲಿಂದ ಬಂದ್ರೆಪಾ?”

“ಬೆಳಗಾವಿಯಿಂದ, ಆಯಿ.”

“ಹಾಂಗಾದ್ರ ಒಂದ್ ಬೊಗಸಿ ಕುಡದ ಹೋಗ್ರಿ. ನಿಮ್ಮೂರಾಗ ನಳಾ ಬರ್ತೈತಿ, ಇಂಥಾ ನೀರ ಬರೂದಿಲ್ಲ.”

ಕುಡಿದೆ. ತಣ್ಣಗೆ, ರುಚಿಯಾಗಿ ಇತ್ತು. ಇದಕ್ಕಿಂತ ಹೆಚ್ಚಿನ ಗುಣವನ್ನು ವೈದ್ಯರು ಬೇಕಾದರೆ ಹೇಳಲಿ.

ಈ ಊರು ನೀರು ಇಬ್ಭಾಗವಾಗುವ ಏಣಿನ ಮೇಲೆ ಇದೆ. ಮೂಡಲಕ್ಕೆ ಬಿದ್ದ ಮಳೆ ಮಲಪ್ರಭೆಯಾಗಿ ಬಂಗಾಲದ ಸಮುದ್ರವನ್ನು ಮುಟ್ಟುತ್ತದೆ. ಅಲ್ಲಿಯೇ ಹತ್ತಿರದ ಕಳಸಾ ಹಳ್ಳ ಪಡುವಲಕ್ಕೆ ತಿರುಗಿ, ಮಹದಾಯಿಯನ್ನು ಸೇರಿ, ಗೋವೆಯ ಕಡಲಿಗೆ ಬೀಳುತ್ತದೆ. ಈ ಹಳ್ಳದ ನೀರನ್ನು ಮಲಪ್ರಭೆಗೆ ತಿರುಗಿಸುವ ಸಲುವಾಗಿ ಎರಡು ರಾಜ್ಯಗಳು ದಶಕಗಳ ಕಾಲ ಬಡಿದಾಡಿವೆ. ನ್ಯಾಯಮಂಡಳಿಯು 2018ರ ಆಗಸ್ಟದಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿ.ಎಂ.ಸಿ. ನೀರನ್ನು ತಿರುಗಿಸಿಕೊಳ್ಳಲಿಕ್ಕೆ ಕರ್ನಾಟಕಕ್ಕೆ ಒಪ್ಪಿಗೆ ಕೊಟ್ಟಿತು. ತೀರ್ಪು ಬಂದರೂ ತಕರಾರು ತೀರದೆ ಮಾತು ಸುಪ್ರೀಂ ಕೋರ್ಟಿಗೆ ಹೋಯಿತು. ಹುಬ್ಬಳ್ಳಿ-ಧಾರವಾಡದ ಕೊಡಗಳು ಒಂದು ಕಡೆ, ಗೋವೆಯವರ ಹೊಳೆ ಮತ್ತು ಕಾಡು ಇನ್ನೊಂದು ಕಡೆ. ನಡುವೆ ಕುಂಡದ ಮೆಟ್ಟಿಲ ಮೇಲೆ ಈ ಆಯಿ.

ಕಣಕುಂಬಿಯಿಂದ ಕೆಳಗಿಳಿದರೆ ಹಬ್ಬನಹಟ್ಟಿ. ಇಲ್ಲಿಯ ಆಂಜನೇಯನ ಗುಡಿ ಹೊಳೆಯ ದಂಡೆಗೇ ಇದೆ. ಜೋರಿನ ಮಳೆಗಾಲ ಬಂದಿತೆಂದರೆ ಗುಡಿ ಮುಳುಗುತ್ತದೆ, ನೆರೆ ಇಳಿದ ಮೇಲೆ ಕೆಸರು ತೆಗೆದು ಮತ್ತೆ ಪೂಜೆ. ಮುಂದೆ ಖಾನಾಪುರದ ಸಮೀಪದ ಅಸೋಗಾದಲ್ಲಿ ನದಿ ಹಾವಿನ ಹಾಗೆ ಹೊರಳುತ್ತದೆ. ಹೊರಳಿನ ಮೇಲೆ ರಾಮಲಿಂಗೇಶ್ವರನ ಗುಡಿ, ಎರಡೂ ದಂಡೆಗೆ ಗಿಡಗಳ ನೆರಳು. ಈ ಕಣಿವೆಯಲ್ಲಿ ಕಣ್ಣಿಗೆ ಹಬ್ಬವಾಗುವ ಒಂದೇ ಜಾಗವನ್ನು ಹೇಳಿರೆಂದರೆ ನಾನು ಇದನ್ನು ಹೇಳುವೆನು. ಊಟದ ಎಲೆ, ಪ್ಲಾಸ್ಟಿಕ್ ಲೋಟಗಳನ್ನು ಅಲ್ಲಿಯೇ ಬಿಟ್ಟು ಬರುವ ನಮ್ಮ ಶಹರದವರ ರೂಢಿಯ ಬಗ್ಗೆ ಹೇಳುವದೇನು!

ಖಾನಾಪುರದಲ್ಲಿ ಮಣ್ಣೇ ದೊಡ್ಡ ಆಸ್ತಿ. ಹೆಂಚು, ಮಡಕೆಗಳಿಗೆ ಹೆಸರಾದ ಊರಿದು, ಖಾದಿ ಗ್ರಾಮೋದ್ಯೋಗ ಆಯೋಗದವರು ಕುಂಬಾರಿಕೆಯ ಶಿಕ್ಷಣಕ್ಕಾಗಿ ಇದನ್ನೇ ಆರಿಸಿದರು. ಇಲ್ಲಿಂದ ಹಲಸಿಯ ದಾರಿಯಲ್ಲಿ ನಂದಗಡ. ಗೋವೆಯ ಉಪ್ಪು, ತೆಂಗು ಘಟ್ಟ ಏರಿ ಬಂದು, ಬಯಲುಸೀಮೆಯ ಗೋಧಿ ಇಳಿದು ಹೋಗುತ್ತಿದ್ದ ಸಂತೆಯ ಊರು. ಈಗ ಅಲ್ಲಿಗೆ ಜನ ಹೋಗುವದು 1831ರ ಜನವರಿ 26ರಂದು ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಗೆ. ಅಲ್ಲಿಯ ಆಲದ ಮರದ ಕೆಳಗೆ ನಿಂತಾಗ ನನಗೆ ಶಾಸನಗಳ ನೆನಪು ಬರಲಿಲ್ಲ.

ನಂದಗಡದಿಂದ ಹಲಸಿಗೆ ಹೋಗುವ ಈ ದಾರಿಯ ಮಗ್ಗುಲಲ್ಲಿಯೇ, ಊರು ಸಮೀಪಿಸಿದಾಗ, ಚಕ್ರತೀರ್ಥವೆಂಬ ಚಿಕ್ಕ ಬಾವಿಯ ಹತ್ತಿರದ ಮಣ್ಣಿನ ದಿಬ್ಬದಲ್ಲಿ ಹಲವು ತಾಮ್ರಪಟಗಳು ಸಿಕ್ಕವು. ಫ್ಲೀಟ್ ಸಾಹೇಬನು ಅವನ್ನು ಓದಿ 1870ರ ದಶಕದಲ್ಲಿ ಪ್ರಕಟಿಸಿದಾಗ ಬನವಾಸಿಯ ಕದಂಬರ ಚರಿತ್ರೆಗೆ ಕಣ್ಣು ಬಂದ ಹಾಗಾಯಿತು. ಹಲಸಿ ಅಂದಿನ ಪಲಾಶಿಕಾ, ಬನವಾಸಿಯ ಅರಸರ ಎರಡನೆಯ ರಾಜಧಾನಿ. ಕಾಕುಸ್ಥವರ್ಮನು ಇನ್ನೂ ಯುವರಾಜನಾಗಿದ್ದಾಗ, ತನ್ನನ್ನು ಕಾಪಾಡಿದ ಶ್ರುತಕೀರ್ತಿ ಎಂಬ ಸೇನಾಪತಿಗೆ ಭೂಮಿಯನ್ನು ಕೊಟ್ಟ ಸಂಗತಿ ಒಂದು ಪಟದಲ್ಲಿದೆ. ಮೃಗೇಶವರ್ಮನು ತೀರಿಹೋದ ತಂದೆಯ ಹೆಸರಿನಲ್ಲಿ ಇಲ್ಲಿ ಜಿನಾಲಯವನ್ನು ಕಟ್ಟಿಸಿ, ಮಾತೃಸರಿತ್ ಎಂಬ ಹೊಳೆಯಿಂದ ಇಂಗಿಣೀ ಸಂಗಮದ ವರೆಗೆ ಮೂವತ್ತಮೂರು ನಿವರ್ತನ ಭೂಮಿಯನ್ನು ಬಿಟ್ಟನು. ಮಾತೃಸರಿತ್ ಎಂದರೆ ತಾಯಿಹೊಳೆ. ಕಣಕುಂಬಿಯ ಮಾವುಲಿಯೂ ತಾಯಿಯೇ. ಇವೆರಡನ್ನು ಗಂಟು ಹಾಕಿ ಸಂಶೋಧನೆ ಎಂದು ನಾನು ಹೇಳುವದಿಲ್ಲ, ಈ ಸೀಮೆಯವರು ನೀರನ್ನು ತಾಯಿ ಎನ್ನುವದು ನಿನ್ನೆ ಮೊನ್ನೆಯದಲ್ಲ ಎಂದಷ್ಟೇ ತೋರುತ್ತದೆ. ರವಿವರ್ಮನ ಪಟವಂತೂ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಕಾರ್ತಿಕದ ಹುಣ್ಣಿವೆಗೆ ಎಂಟು ದಿವಸ ಜಿನೇಂದ್ರನ ಉತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಊಟದ ವ್ಯವಸ್ಥೆಯಾಗಬೇಕು ಎಂದು ಅರಸನು ಕಟ್ಟು ಮಾಡಿದ್ದಾನೆ. ಖಾನಾಪುರದ ಮಳೆಯನ್ನು ಕಂಡವರಿಗೆ ಆ ನಾಲ್ಕು ತಿಂಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಸರಿನಲ್ಲಿ ಊರೂರು ಅಲೆದು ಭಿಕ್ಷೆ ಎತ್ತುವದು ಹ್ಯಾಗೆ?

ಬನವಾಸಿಯವರು ಹೋದ ಮೇಲೆ ಆರು ನೂರು ವರ್ಷ ಕಳೆದು ಗೋವೆಯ ಕದಂಬರು ಹಲಸಿಗೆ ಎರಡನೆಯ ಯೌವನವನ್ನು ತಂದರು. ಈಗ ಊರಿನ ನಡುವೆ ನಿಂತ ಭೂವರಾಹ ನರಸಿಂಹನ ಗುಡಿ ಅವರ ಕಾಲದ್ದು. ಅದರಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಒಂದರಲ್ಲಿ ನರಸಿಂಹ ನಾರಾಯಣರು, ಇನ್ನೊಂದರಲ್ಲಿ ಭೂದೇವಿಯನ್ನು ಎತ್ತಿಹಿಡಿದ ಆಳೆತ್ತರದ ವರಾಹ. ನಡುವೆ ನಿಂತವನು ಯಾರಿಗೆ ಕೈಮುಗಿದರೂ ಇನ್ನೊಬ್ಬರಿಗೆ ಬೆನ್ನು ತೋರಿಸಬೇಕಾಗುತ್ತದೆ. ಪೂಜಾರಿಯವರನ್ನು ಕೇಳಿದರೆ, “ಅವರಿಬ್ಬರೂ ಒಬ್ಬರನ್ನೊಬ್ಬರು ನೋಡತಾರ್ರೀ, ನೀವ್ಯಾಕ ಚಿಂತೀ ಮಾಡ್ತೀರಿ?” ಎಂದು ನಕ್ಕರು. ನರಸಿಂಹನ ಪ್ರತಿಷ್ಠೆಯನ್ನು ಹೇಳುವ ಶಿವಚಿತ್ತ ಪೆರ್ಮಾಡಿಯ ಕಾಲದ ಶಾಸನಕ್ಕೆ ಕಲಿವರ್ಷ 4270, ಅಂದರೆ ಇ. ಸ. 1169. ಎಲ್ಲರೂ ಶಕವರ್ಷವನ್ನು ಬರೆಯುವಾಗ ಈ ಮನೆತನದವರು ಕಲಿವರ್ಷವನ್ನು ಎಣಿಸುತ್ತಿದ್ದರು. ಪ್ರತಿ ಮನೆತನಕ್ಕೂ ಒಂದು ಹಟ.

ಪಟಗಳಲ್ಲಿಯೂ ಶಾಸನದಲ್ಲಿಯೂ ಹಲಸಿಗೆ ಬಂದದ್ದೆಲ್ಲ ಅರಸರ ಮನೆಯಿಂದ ಬಂದದ್ದು. ಅರಸ, ರಾಣಿ, ಸೇನಾಪತಿ, ಭೂಮಿ, ಉತ್ಸವ. ಬೆಳಗಾವಿಯ ಕಲ್ಲಿನಲ್ಲಿಯ ಹಾಗೆ ವರ್ತಕರು ಕೂಡಿ ಸುಂಕವನ್ನು ಗೊತ್ತುಮಾಡುವ ಗದ್ದಲ ಇಲ್ಲಿ ಕೇಳಿಸುವದಿಲ್ಲ. ಕೊಡುವ ಕೈ ಎರಡು ಸಲ ಇಲ್ಲದಾಯಿತು, ಎರಡು ಸಲ ಊರು ಸಣ್ಣದಾಯಿತು. ಸುವರ್ಣೇಶ್ವರ, ಕಪಿಲೇಶ್ವರ, ಕಲ್ಮೇಶ್ವರ, ಹಾಟಕೇಶ್ವರ, ಒಂದು ಬಸದಿ, ಇಷ್ಟು ಗುಡಿಗಳು ಒಂದು ಹಳ್ಳಿಗೆ ಹೊರೆಯೇ. ಕೆಲವಕ್ಕೆ ದಿನದ ದೀಪವೂ ಇದ್ದಂತೆ ತೋರಲಿಲ್ಲ. ಗೋವೆಗೆ ಹೊರಟ ಮೋಟಾರುಗಳು ಖಾನಾಪುರದಲ್ಲಿ ಚಹಾ ಕುಡಿದು ಮುಂದೆ ಓಡುತ್ತವೆ. ಹಲಸಿಗೆ ತಿರುಗುವ ಮೋಟಾರನ್ನು ಆ ದಿವಸ ನಾನು ಒಂದನ್ನೂ ಕಾಣಲಿಲ್ಲ.

ಕೊನೆಯ ದಿವಸ ದೇಗಾವಿಗೆ ಹೋದೆ. ಇದು ಕಿತ್ತೂರಿನ ಹತ್ತಿರ. ಪೆರ್ಮಾಡಿಯ ರಾಣಿ ಕಮಲಾದೇವಿಯು ಇಲ್ಲಿ ಕಮಲನಾರಾಯಣನ ಗುಡಿಯನ್ನು ಕಟ್ಟಿಸಿದಳು. ಶಾಸನದ ಕಾಲ 1174. ಬರಹಗಳಲ್ಲಿ ಒಂದು ಕನ್ನಡ ಅಕ್ಷರದಲ್ಲಿದೆ, ಒಂದು ನಾಗರಿ ಅಕ್ಷರದಲ್ಲಿದೆ. ಎರಡೂ ಒಂದೇ ಗುಡಿಯ ಆಸರೆಯಲ್ಲಿ ಎಂಟೂವರೆ ನೂರು ವರ್ಷ ಜಗಳವಿಲ್ಲದೆ ಇದ್ದದ್ದನ್ನು ನಮ್ಮ ಗಡಿಯ ಮುಖಂಡರು ಒಮ್ಮೆ ಹೋಗಿ ನೋಡಿದರೆ ಕೆಟ್ಟದ್ದೇನಿಲ್ಲ. ಗೋಡೆಯ ಹೊರಮೈ ಸಾದಾ, ಒಳಗಿನ ಕಂಬ, ಛತ್ತುಗಳ ಕೆಲಸ ಬಹು ನಾಜೂಕು. ಕಟ್ಟಿದ ಶಿಲ್ಪಿಯ ಹೆಸರೂ ಉಳಿದಿದೆ, ತಿಪ್ಪೋಜ. ರಾಣಿಯ ಹೆಸರಿನ ಜತೆಗೆ ಉಳಿ ಹಿಡಿದವನ ಹೆಸರೂ ನಿಂತದ್ದು ನನಗೆ ಸಂತೋಷವನ್ನು ಕೊಟ್ಟಿತು.

ದೇಗಾವಿಯಿಂದ ಕಿತ್ತೂರಿಗೆ ಬಂದರೆ ಹೆದ್ದಾರಿ. ಬೆಳಗಾವಿಯ ಬಸ್ಸು ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯನ್ನು ದಾಟುತ್ತದೆ. ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯದ ಸ್ಥಳ ಇಲ್ಲಿ ಹೊಳೆಯ ಪಾತ್ರದಲ್ಲಿಯೇ ಇದೆ. ನೀರು ನುಗ್ಗದಂತೆ ಸುತ್ತಲೂ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ, ಮೆಟ್ಟಿಲಿಳಿದು ದರ್ಶನ ಮಾಡಬೇಕು. ಕಣಕುಂಬಿಯಲ್ಲಿ ಬೊಗಸೆಯಷ್ಟಿದ್ದ ನೀರು ಇಲ್ಲಿ ಸೇತುವೆ ಬೇಕಾಗುವಷ್ಟು ಅಗಲವಾಗಿದೆ. ಸಾಯಂಕಾಲ ಬಸ್ಸು ಅದನ್ನು ದಾಟುವಾಗ ಕಿಡಕಿಯ ಕಡೆಗೆ ಕೂತ ಹೆಣ್ಣುಮಕ್ಕಳು ಚಿಲ್ಲರೆ ನಾಣ್ಯಗಳನ್ನು ಹೊಳೆಗೆ ಎಸೆದರು.