ಇಲ್ಲದ ದೇಶದ ಜಮೀನು ಮಾರಿದ ಪುಸ್ತಕ

ನಮ್ಮೂರಲ್ಲಿ ಪಹಣಿ ನೋಡದೆ ಯಾರೂ ಒಂದು ಗುಂಟೆಯನ್ನೂ ಕೊಳ್ಳುವುದಿಲ್ಲ. ಕಡಲಾಚೆಯ ಜಮೀನಾದರೆ? ಯಾರೋ ಬರೆದದ್ದನ್ನು ಓದಿಯೇ ನಂಬಬೇಕು.

1822ರಲ್ಲಿ ಲಂಡನ್ನಿನಲ್ಲಿ ಹಾಗೇ ಆಯಿತು. ಗ್ರೆಗರ್ ಮೆಕ್‌ಗ್ರೆಗರ್ ಎಂಬ ಸ್ಕಾಟ್‌ಲೆಂಡಿನ ಸೈನಿಕ, ತಾನು ಮಧ್ಯ ಅಮೆರಿಕದ 'ಪೊಯಾಯಿಸ್' ದೇಶದ ಒಡೆಯ ಎಂದು ಹೇಳಿಕೊಂಡು ಎಕರೆಗಟ್ಟಲೆ ಜಮೀನು ಮಾರಿದ. ಅಂಥ ದೇಶವೇ ಇರಲಿಲ್ಲ.

ಜನ ನಂಬಿದ್ದೇಕೆ? ಅಚ್ಚಿನಲ್ಲಿ ಬಂದಿತ್ತಲ್ಲ! ಪತ್ರಿಕೆಗಳಲ್ಲಿ ಜಾಹೀರಾತು ಬಂತು. ಥಾಮಸ್ ಸ್ಟ್ರೇಂಜ್‌ವೇಸ್ ಎಂಬ ಹೆಸರಿನಲ್ಲಿ 300ಕ್ಕೂ ಹೆಚ್ಚು ಪುಟಗಳ ಪುಸ್ತಕ ಬಂತು. ಅದರಲ್ಲಿ ಚಿನ್ನದಂಥ ಮಣ್ಣಿನ ವರ್ಣನೆ. ಆ ಲೇಖಕನೂ ಬರೀ ಕಟ್ಟುಹೆಸರು.

ಸುಮಾರು 250 ಜನ ಎರಡು ಹಡಗುಗಳಲ್ಲಿ ಹೊರಟರು. ಈಗಿನ ಹೊಂಡುರಾಸ್ ಕರಾವಳಿಯಲ್ಲಿ ಇಳಿದಾಗ ಕಂಡದ್ದು ಕಾಡು, ಸೊಳ್ಳೆ, ಜ್ವರ. ಅರ್ಧಕ್ಕೂ ಹೆಚ್ಚು ಜನ ಸತ್ತರು. ಬದುಕಿ ಬಂದ ಕೆಲವರು ಆಗಲೂ ಮೆಕ್‌ಗ್ರೆಗರನನ್ನು ದೂರಲಿಲ್ಲ. ಓದಿ ಹುಟ್ಟಿದ ನಂಬಿಕೆ ಅಷ್ಟು ಗಟ್ಟಿ.

ಇವತ್ತು ವಿದೇಶಿ ಫ್ಲಾಟಿನ ಆಸೆ ಫೋನಿಗೇ ಬರುತ್ತದೆ, ಎಷ್ಟೋ ಸಲ ಸುದ್ದಿಯ ವೇಷದಲ್ಲಿ. ಅದನ್ನು ಬರೆಯುವವರು ನಮ್ಮಂಥ ಬಿಡಿ ಬರಹಗಾರರೇ. ಅಲ್ಲಿಗೆ ಹೋಗಿ ನೋಡದೆ ಬರೆದರೆ ನಾವೂ ಸ್ಟ್ರೇಂಜ್‌ವೇಸ್‌ಗಳೇ. ಹಾಗಾಗಿ ಓದುವಾಗ ಕೇಳಿ: ಬರೆದವರು ಜಾಗ ನೋಡಿದ್ದಾರಾ? ಬರೆಯಲು ದುಡ್ಡು ಕೊಟ್ಟವರು ಯಾರು?