ಕೇಳಿಸಿಯೂ ಮರೆತ ಸಾಕ್ಷ್ಯ: ಬಾಲ್ಯದ ದೌರ್ಜನ್ಯ ಮತ್ತು ಮನೋವೈದ್ಯದ ಚರಿತ್ರೆ

ಬಾಲ್ಯದಲ್ಲಿ ಅನುಭವಿಸಿದ ದೌರ್ಜನ್ಯವು ವ್ಯಕ್ತಿಯ ಮನಸ್ಸನ್ನು ದಶಕಗಳ ಕಾಲ ಬಾಧಿಸಬಲ್ಲದು ಎಂಬುದನ್ನು ಇಂದಿನ ವೈದ್ಯಶಾಸ್ತ್ರ ಒಪ್ಪಿಕೊಂಡಿದೆ. ಆದರೆ ಈ ತಿಳಿವಳಿಕೆ ನೇರ ಹಾದಿಯಲ್ಲಿ ಬೆಳೆದುದಲ್ಲ. ಒಂದೂವರೆ ಶತಮಾನದ ಅವಧಿಯಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಂಡು ಮರೆಯಾಗಿದೆ. ಈ ಮರೆವಿಗೂ ಒಂದು ಚರಿತ್ರೆಯಿದೆ.

1860ರಲ್ಲಿ ಪ್ಯಾರಿಸ್ಸಿನ ನ್ಯಾಯವೈದ್ಯ ಆಂಬ್ರ್ವಾಸ್ ತಾರ್ದ್ಯೂ ಅವರು ಮಕ್ಕಳ ಮೇಲಿನ ಕ್ರೌರ್ಯದ 32 ಪ್ರಕರಣಗಳನ್ನು ಪ್ರಕಟಿಸಿದರು. ಪೀಡಕರಲ್ಲಿ ಹೆತ್ತವರೇ ಹೆಚ್ಚಾಗಿದ್ದರು. ವೈದ್ಯಲೋಕ ಆ ಬರಹವನ್ನು ಬಹುಕಾಲ ಗಣನೆಗೆ ತೆಗೆದುಕೊಳ್ಳಲಿಲ್ಲ. 1896ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಅವರು 18 ರೋಗಿಗಳ ಚಿಕಿತ್ಸೆಯ ಆಧಾರದ ಮೇಲೆ, ಹಿಸ್ಟೀರಿಯಾದ ಮೂಲ ಬಾಲ್ಯದ ಲೈಂಗಿಕ ದೌರ್ಜನ್ಯದಲ್ಲಿದೆ ಎಂದು ವಿಯೆನ್ನಾದಲ್ಲಿ ವಾದಿಸಿದರು. ಮರುವರ್ಷವೇ ಮಿತ್ರ ಫ್ಲೀಸ್‌ರಿಗೆ ಬರೆದ ಪತ್ರದಲ್ಲಿ ಆ ಸಿದ್ಧಾಂತದಲ್ಲಿ ತಮಗೆ ನಂಬಿಕೆ ಉಳಿದಿಲ್ಲವೆಂದರು. ಇದನ್ನು ಅಧೈರ್ಯವೆಂದು ಕರೆದವರಿದ್ದಾರೆ. ಫ್ರಾಯ್ಡ್‌ರ ಸಾಕ್ಷ್ಯವೇ ಬಹುಮಟ್ಟಿಗೆ ಅವರ ಊಹೆಯಾಗಿತ್ತು ಎಂದವರೂ ಇದ್ದಾರೆ. ಕಾರಣ ಏನೇ ಇರಲಿ, ರೋಗಿಯ ನೆನಪನ್ನು ಕಲ್ಪನೆಯೆಂದು ಓದುವ ಪರಿಪಾಠ ಬಲವಾಯಿತು. 1932ರಲ್ಲಿ ಸಾಂಡೋರ್ ಫೆರೆನ್‌ಸಿ ಅವರು ಮಕ್ಕಳ ಮೇಲಿನ ಆಘಾತ ವಾಸ್ತವವೆಂದು ಮತ್ತೆ ಪ್ರತಿಪಾದಿಸಿದಾಗ ಸಹೋದ್ಯೋಗಿಗಳಿಂದ ಅಸಮ್ಮತಿಯೇ ಎದುರಾಯಿತು.

1962ರಲ್ಲಿ ಅಮೆರಿಕದ ಹೆನ್ರಿ ಕೆಂಪೆ ಮತ್ತು ಸಂಗಡಿಗರು ಪೆಟ್ಟು ತಿಂದ ಮಕ್ಕಳ ಬಗೆಗಿನ ಪ್ರಬಂಧವನ್ನು ಪ್ರಕಟಿಸಿದರು. ಕ್ಷ-ಕಿರಣ ಚಿತ್ರಗಳಲ್ಲಿ ಕಂಡ ಮೂಳೆಮುರಿತಗಳನ್ನು ಅಲ್ಲಗಳೆಯುವಂತಿರಲಿಲ್ಲ. ಮಗುವಿನ ಮಾತಿಗೆ ದೊರೆಯದ ಮನ್ನಣೆ ಮೂಳೆಗೆ ದೊರೆಯಿತು. ಮೂಳೆಯಲ್ಲಿ ಗುರುತು ಉಳಿಸದ ನೋವಿಗೆ ಸ್ತ್ರೀವಾದಿ ಚಳವಳಿ ದನಿ ನೀಡಿತು. ಜುಡಿತ್ ಹರ್ಮನ್ ಅವರು 1992ರ ಕೃತಿಯಲ್ಲಿ ದೀರ್ಘಕಾಲದ ದೌರ್ಜನ್ಯದ ಪರಿಣಾಮವು ಒಂದೇ ಘಟನೆಯ ಆಘಾತಕ್ಕಿಂತ ಭಿನ್ನವೆಂದು ನಿರೂಪಿಸಿದರು.

1998ರಲ್ಲಿ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮೊದಲಾದವರು ಸ್ಯಾನ್ ಡಿಯಾಗೋದ ಸುಮಾರು 9,500 ವಯಸ್ಕರ ಉತ್ತರಗಳನ್ನು ಪರಿಶೀಲಿಸಿದರು. ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಪ್ರತಿಕೂಲ ಅನುಭವಗಳನ್ನು ಕಂಡವರಲ್ಲಿ ಮದ್ಯವ್ಯಸನ, ಮಾದಕವ್ಯಸನ, ಖಿನ್ನತೆ, ಆತ್ಮಹತ್ಯಾ ಪ್ರಯತ್ನಗಳ ಸಂಭವ ಅಂಥ ಅನುಭವವಿಲ್ಲದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು. ಇದು ನೆನಪನ್ನು ಆಧರಿಸಿದ ಅಧ್ಯಯನ. ಸಮೂಹದ ಸಂಭವವನ್ನು ಹೇಳುತ್ತದೆಯೇ ಹೊರತು ವ್ಯಕ್ತಿಯೊಬ್ಬನ ಹಣೆಬರಹವನ್ನಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಸಂಕೀರ್ಣ ಆಘಾತೋತ್ತರ ವ್ಯಾಧಿ ಪ್ರತ್ಯೇಕ ಸ್ಥಾನ ಪಡೆಯಿತು. ಭಾವನೆಗಳ ಮೇಲಿನ ಹಿಡಿತ ತಪ್ಪುವುದು, ತನ್ನನ್ನೇ ಹೀನವಾಗಿ ಕಾಣುವುದು, ಸಂಬಂಧಗಳನ್ನು ಉಳಿಸಿಕೊಳ್ಳಲಾಗದಿರುವುದು ಇದರ ಲಕ್ಷಣಗಳಲ್ಲಿ ಸೇರಿವೆ.

ಭಾರತದಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ವರದಿ ಪ್ರಕಟಿಸಿತು. ಆ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಶೇಕಡ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರು. ಅದನ್ನು ಅನುಭವಿಸಿದ ಹೆಚ್ಚಿನವರು ಅದುವರೆಗೆ ಯಾರಿಗೂ ತಿಳಿಸಿರಲಿಲ್ಲ. 2012ರಲ್ಲಿ ಪೋಕ್ಸೊ ಕಾಯ್ದೆ ಜಾರಿಗೆ ಬಂದಿತು.

ದಾಖಲೆಯ ಮೌನವನ್ನು ಘಟನೆಯ ಅಭಾವವೆಂದು ತಿಳಿಯಬಾರದು ಎಂಬುದು ಚರಿತ್ರೆಕಾರರಿಗೆ ಹೊಸ ಪಾಠವಲ್ಲ. ಇಲ್ಲಿ ಆ ಪಾಠ ಜೀವಂತರಿಗೂ ಅನ್ವಯಿಸುತ್ತದೆ. ಮಕ್ಕಳು ಹೇಳಲಿಲ್ಲ ಎನ್ನುವುದಕ್ಕಿಂತ, ಹೇಳಿದುದನ್ನು ನಂಬುವವರು ಇರಲಿಲ್ಲ ಎನ್ನುವುದೇ ಈ ಚರಿತ್ರೆಯ ತಾತ್ಪರ್ಯ.